ನಡುವಿನ ಓಣಿ ಯಾರದು? ಬೀದರಿನಿಂದ ಕಂಡ ಭಾರತ–ಇರಾನ್

(ಬೀದರಿನಲ್ಲಿ ಒಂದು ಶನಿವಾರ ಸಂಜೆ ಮಾಡಿದ ಉಪನ್ಯಾಸ ಇದು. ಮಾತಿನ ಭರದಲ್ಲಿ ಬಿಟ್ಟುಹೋದ ಕೆಲವು ಇಸವಿಗಳನ್ನು ಬರೆಯುವಾಗ ಸೇರಿಸಿದ್ದೇನೆ. ಮೈಕ್ ಕೈಕೊಟ್ಟಾಗ ಆಡಿದ ಮಾತುಗಳನ್ನು ಕೈಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಪೋಸ್ಟರಿನಲ್ಲಿ ‘ಭಾರತ–ಇರಾನ್ ರಾಜತಾಂತ್ರಿಕ ಸಂಬಂಧಗಳು’ ಅಂತ ದೊಡ್ಡ ಅಕ್ಷರದಲ್ಲಿ ಹಾಕಿಬಿಟ್ಟಿದ್ದಾರೆ. ಅದನ್ನು ಓದಿದ ನಮ್ಮ ಓಣಿಯ ಹುಡುಗನೊಬ್ಬ ಕೇಳಿದ, “ಕಾಕಾ, ಇದು ದಿಲ್ಲಿಯವರ ಮಾತು. ಬೀದರಿನಾಗ ಕುಂತು ನಾವೇನು ಹೇಳೋದು?”

ನಾನು ಉತ್ತರ ಕೊಡಲಿಲ್ಲ, ಅವನನ್ನು ಕೋಟೆಗೆ ಕರೆದುಕೊಂಡು ಹೋದೆ. ತಖ್ತ್ ಮಹಲಿನ ಕಮಾನಿನ ಮೂಲೆಯಲ್ಲಿ ಬಣ್ಣದ ಟೈಲ್ಸ್ ಚೂರುಗಳಲ್ಲಿ ಮಾಡಿದ ಹುಲಿಯೊಂದಿದೆ. ಅದರ ಬೆನ್ನ ಹಿಂದೆ ಸೂರ್ಯ ಹುಟ್ಟುತ್ತಿದ್ದಾನೆ. ಟೈಲ್ಸ್ ಬಹಳಷ್ಟು ಉದುರಿದೆ, ಆದರೂ ಗುರುತು ಹಿಡಿಯಬಹುದು. “ಈಗ ಮೊಬೈಲಿನಲ್ಲಿ ಇರಾನಿನ ಹಳೆಯ ಬಾವುಟ ಹುಡುಕು” ಅಂದೆ. ಹುಡುಕಿದ. ಸಿಂಹ, ಅದರ ಬೆನ್ನ ಹಿಂದೆ ಸೂರ್ಯ. 1979ರ ಕ್ರಾಂತಿಯವರೆಗೂ ಅವರ ಬಾವುಟದ ಮೇಲೆ ಇದ್ದದ್ದು ಅದೇ. ಹುಡುಗ ಎರಡನ್ನೂ ನೋಡಿ ನಕ್ಕ. “ನಮ್ಮೋರು ಕಾಪಿ ಹೊಡ್ದಾರ ಕಾಕಾ. ಸಿಗಬಾರದು ಅಂತ ಸಿಂಹ ತೆಗ್ದು ಹುಲಿ ಇಟ್ಟಾರ.”

ಕಾಪಿ ಅಂತಲೇ ಇಟ್ಟುಕೊಳ್ಳಿ. ಆದರೆ ಕಾಪಿ ಹೊಡೆಯಬೇಕಾದರೂ ಪಕ್ಕದಲ್ಲಿ ಯಾರಾದರೂ ಕೂತಿರಬೇಕಲ್ವಾ?

ಇವತ್ತು ನನಗೆ ಹೇಳಬೇಕಿರುವುದು ಒಂದೇ ಮಾತು. ಕಂದಹಾರಕ್ಕಾಗಿ ಮೊಘಲರ ಜೊತೆ ನಡೆದ ಕಾದಾಟ, 1739ರ ನಾದಿರ್ ಷಾನ ದಿಲ್ಲಿ ಲೂಟಿ ಇವೆರಡನ್ನು ಬಿಟ್ಟರೆ ನಮಗೂ ಇರಾನಿಗೂ ಹೇಳಿಕೊಳ್ಳುವಂಥ ಜಗಳವಿಲ್ಲ. ಇವರಿಗೆ ಬೇಕಾದದ್ದು ಅವರ ಹತ್ತಿರ ಇದೆ, ಅವರಿಗೆ ಬೇಕಾದದ್ದು ಇವರ ಹತ್ತಿರ. ಆದರೂ ಕೈಗೆ ಬಂದದ್ದು ಬಾಯಿಗೆ ಬರುವುದಿಲ್ಲ. ಯಾಕೆಂದರೆ ಎರಡು ಮನೆಗಳ ನಡುವೆ ಒಂದು ಓಣಿ ಇದೆ. ಆ ಓಣಿಯಲ್ಲಿ ಮೂರನೆಯವನೊಬ್ಬ ಮಂಚ ಹಾಕಿಕೊಂಡು ಕೂತಿರುತ್ತಾನೆ. ಕಾಲಕಾಲಕ್ಕೆ ಮನುಷ್ಯ ಬದಲಾಗುತ್ತಾನೆ. ಮಂಚ ಮಾತ್ರ ಅಲ್ಲೇ ಇರುತ್ತದೆ.

ಮೊದಲನೇ ಕಥೆ ಕಲಬುರಗಿಯದು. ಬಹಮನಿ ರಾಜ್ಯ ಅಲ್ಲಿ 1347ರಲ್ಲಿ ಶುರುವಾಯಿತು. ಹೆಸರೇ ನೋಡಿ. ಅದನ್ನು ಕಟ್ಟಿದ ಅಲಾವುದ್ದೀನ್ ಹಸನ್, ತಾನು ಪರ್ಷಿಯಾದ ಪುರಾಣಕಥೆಗಳ ಬಹಮನ್‌ನ ವಂಶದವನು ಅಂತ ಹೇಳಿಕೊಂಡ. ನಿಜವೋ ಸುಳ್ಳೋ, ಆ ಕಾಲಕ್ಕೆ ದೊಡ್ಡ ಮನೆತನ ಅನ್ನಿಸಿಕೊಳ್ಳಬೇಕಾದರೆ ಆ ಕಡೆಗೇ ಬೊಟ್ಟು ಮಾಡಬೇಕಿತ್ತು. ಇಪ್ಪತ್ತು ವರ್ಷದ ಮೇಲೆ, 1367ರಲ್ಲಿ, ಕಲಬುರಗಿ ಕೋಟೆಯೊಳಗಿನ ಜಾಮಿಯಾ ಮಸೀದಿ ಎದ್ದಿತು. ಕಟ್ಟಿದವನ ಹೆಸರು ಶಾಸನದಲ್ಲಿದೆ: ರಫಿ, ಕಜ್ವೀನ್ ಊರಿನವನು. ಕಜ್ವೀನ್ ಇರುವುದು ಇವತ್ತಿನ ತೆಹರಾನಿನ ಪಕ್ಕದಲ್ಲಿ.

ಆಮೇಲೆ ಬಂದವನು ಎರಡನೇ ಮುಹಮ್ಮದ್ ಷಾ, 1378ರಿಂದ 1397ರವರೆಗೆ ಆಳಿದವನು. ಯುದ್ಧಕ್ಕಿಂತ ಪುಸ್ತಕದ ಹುಚ್ಚು ಜಾಸ್ತಿ. ಶಿರಾಜಿನ ಮಹಾಕವಿ ಹಾಫಿಜ್‌ನನ್ನು ಕಲಬುರಗಿಗೆ ಕರೆಸಬೇಕು ಅಂತ ಅವನಿಗೆ ಮನಸ್ಸಾಯಿತು. ಓಲೆಯ ಜೊತೆಗೆ ದಾರಿ ಖರ್ಚಿನ ಹಣವೂ ಹೋಯಿತು. ಹಾಫಿಜ್ ಆ ಹಣದಲ್ಲಿ ಮೊದಲು ಸಾಲ ತೀರಿಸಿದ. ಹೇಗೋ ಹೊರ್ಮುಜ್ ಬಂದರಿಗೆ ಬಂದು ಹಡಗು ಹತ್ತಿದ. ಅಷ್ಟರಲ್ಲಿ ಬಿರುಗಾಳಿ ಎದ್ದಿತು. ಕವಿ ಏನೋ ನೆಪ ಹೇಳಿ ಹಡಗು ಇಳಿದ, ನೇರವಾಗಿ ಮನೆಗೆ ಹೋದ. ಅಲ್ಲಿಂದ ಒಂದು ಗಜಲ್ ಬರೆದು ಕಳಿಸಿದ. ಲಾಭದ ಆಸೆಯಲ್ಲಿ ಸಮುದ್ರದ ಕಷ್ಟ ಹಗುರ ಅಂದುಕೊಂಡಿದ್ದೆ, ತಪ್ಪಾಯಿತು, ಈ ಬಿರುಗಾಳಿಗೆ ನೂರು ರತ್ನ ಕೊಟ್ಟರೂ ಸಾಲದು ಅನ್ನುವುದು ಅದರ ಅರ್ಥ. ಸುಲ್ತಾನ ಸಿಟ್ಟಾಗಲಿಲ್ಲ. ಮತ್ತೆ ಉಡುಗೊರೆಯನ್ನೇ ಕಳಿಸಿದ.

ಇದನ್ನು ಹೇಳಿದವನು ಬಿಜಾಪುರದಲ್ಲಿ ಕೂತು ಇತಿಹಾಸ ಬರೆದ ಫಿರಿಶ್ತಾ, ಅದೂ ಇನ್ನೂರು ವರ್ಷ ಆದಮೇಲೆ. ಉಪ್ಪು ಖಾರ ಸೇರಿರಬಹುದು. ಆದರೆ ಇವತ್ತಿನ ವಿದೇಶಾಂಗ ಇಲಾಖೆ ಆಗ ಇದ್ದಿದ್ದರೆ ‘ಗಣ್ಯರ ಭೇಟಿಯನ್ನು ಮುಂದೂಡಲಾಗಿದೆ’ ಅಂತ ಪ್ರಕಟಣೆ ಕೊಡುತ್ತಿತ್ತು ಅನ್ನುವುದಂತೂ ನಿಜ.

ಹಾಫಿಜ್ ಬರಲಿಲ್ಲ, ಕುದುರೆಗಳು ಬಂದವು. ನಮ್ಮ ದಖನ್ನಿನ ಹವೆಗೆ ಯುದ್ಧಕ್ಕೆ ಬೇಕಾದಂಥ ಕುದುರೆ ಬೆಳೆಯುವುದಿಲ್ಲ. ಎಲ್ಲ ಆ ಕಡೆಯಿಂದಲೇ ಬರಬೇಕು. ಅರಬ್ ಮತ್ತು ಇರಾನಿನ ಕುದುರೆಗಳು ಹೊರ್ಮುಜ್‌ನಲ್ಲಿ ಹಡಗು ಹತ್ತಿ ದಾಭೋಳ, ಚೌಲ್, ಗೋವಾದಲ್ಲಿ ಇಳಿಯುತ್ತಿದ್ದವು. ಅಲ್ಲಿಂದ ಘಟ್ಟ ಹತ್ತಿ ಬೀದರಿಗೆ. ಇವತ್ತು ಎಣ್ಣೆ ಹೇಗೋ ಅಂದು ಕುದುರೆ ಹಾಗೆ. ಕುದುರೆ ನಿಂತರೆ ಸೈನ್ಯ ನಿಂತಿತು. ವಿಜಯನಗರಕ್ಕೂ ಇದೇ ಚಿಂತೆ, ಬಹಮನಿಗಳಿಗೂ ಇದೇ ಚಿಂತೆ. ಇವರಿಬ್ಬರು ಗೋವಾಕ್ಕಾಗಿ ಹೊಡೆದಾಡಿದ್ದನ್ನು ಧರ್ಮದ ಲೆಕ್ಕದಲ್ಲಿ ಓದುವವರು ಒಮ್ಮೆ ಕುದುರೆ ಲಾಯದ ಲೆಕ್ಕವನ್ನೂ ನೋಡಬೇಕು. ಅಂದಹಾಗೆ, ‘ಬಂದರು’ ಅನ್ನುವ ನಮ್ಮ ಮಾತೇ ಪರ್ಷಿಯನ್ನಿನಿಂದ ಬಂದದ್ದು.

ಬೀದರ್ ರಾಜಧಾನಿ ಆದದ್ದು ಅಹ್ಮದ್ ಷಾ ವಲಿ ಕಾಲದಲ್ಲಿ. ಅವನು ಆಳಿದ್ದು 1422ರಿಂದ 1436. ಅವನ ಸಮಾಧಿ ಇರುವ ಅಷ್ಟೂರು ನಿಮಗೆಲ್ಲ ಗೊತ್ತು. ಹೋಳಿ ಕಳೆದ ಮೇಲೆ ಅಲ್ಲಿ ಉರುಸು ಆಗುತ್ತದೆ. ಮಾಡ್ಯಾಳದಿಂದ ಜಂಗಮರು ನಡೆದು ಬರುತ್ತಾರೆ. ಕೆಲವರು ಉರುಸು ಅನ್ನುತ್ತಾರೆ, ಕೆಲವರು ಅಲ್ಲಮಪ್ರಭು ಜಾತ್ರೆ ಅನ್ನುತ್ತಾರೆ. ಆ ವಿಷಯಕ್ಕೆ ಹೋದರೆ ಇನ್ನೊಂದು ಸಂಜೆ ಬೇಕು. ನನಗೆ ಬೇಕಾದದ್ದು ಇದೇ ಅಹ್ಮದ್ ಷಾ ಬರೆಸಿದ ಓಲೆ. ಇರಾನಿನ ಕಿರ್ಮಾನ್ ಹತ್ತಿರ ಮಹಾನ್ ಅನ್ನುವ ಊರು. ಅಲ್ಲಿ ಷಾ ನಿಯಾಮತುಲ್ಲಾ ವಲಿ ಅನ್ನುವ ಸೂಫಿ ಇದ್ದರು. ನಮ್ಮಲ್ಲಿಗೆ ಬನ್ನಿ ಅಂತ ಸುಲ್ತಾನ ಕೇಳಿಕೊಂಡ. ಅವರು ಬರಲಿಲ್ಲ, ಮೊಮ್ಮಗನನ್ನು ಕಳಿಸಿದರು. 1431ರಲ್ಲಿ ಅವರು ತೀರಿಕೊಂಡ ಮೇಲೆ ಮಗ ಖಲೀಲುಲ್ಲಾ ಕೂಡ ಬೀದರಿಗೆ ಬಂದರು. ಅಷ್ಟೂರಿಗೆ ಹೋಗುವ ದಾರಿಯಲ್ಲಿ ಎಂಟು ಮೂಲೆಯ ಚೌಖಂಡಿ ಇದೆಯಲ್ಲ, ಅದು ಅವರ ಸಮಾಧಿ.

ಈಗ ಅಪರೂಪದ ಸಂಗತಿ ಕೇಳಿ. ಮಹಾನ್‌ನಲ್ಲಿ ಆ ಸೂಫಿಯ ಸಮಾಧಿಗೆ ಗುಮ್ಮಟ ಕಟ್ಟಿಸಿದ ಹಣ ಯಾರದು? ನಮ್ಮ ಅಹ್ಮದ್ ಷಾನದು. ಅದು ಮುಗಿದದ್ದು 1436ರಲ್ಲಿ. ಇವತ್ತು ಇರಾನಿಗೆ ಹೋದ ಪ್ರವಾಸಿಗಳು ಮಹಾನ್‌ನ ನೀಲಿ ಗುಮ್ಮಟದ ಫೋಟೊ ಹೊಡೆದುಕೊಳ್ಳುತ್ತಾರೆ. ಆ ಕಟ್ಟಡದ ಶುರುವಾತಿಗೆ ಕೊಟ್ಟ ದುಡ್ಡು ಬೀದರಿನ ಖಜಾನೆಯದು, ಅಂದರೆ ನಮ್ಮ ಈ ಕೆಂಪು ಮಣ್ಣಿನ ರೈತರ ಕಂದಾಯ. ನಾವು ಯಾವಾಗಲೂ ಇರಾನಿನಿಂದ ಏನು ಬಂತು ಅಂತ ಪಟ್ಟಿ ಮಾಡುತ್ತೇವೆ. ನೌಬಾದಿನ ಕರೇಜ್ ಬಂತು, ನೆಲದಡಿಯಲ್ಲಿ ಸುರಂಗ ತೋಡಿ ನೀರು ತರುವ ಆ ವಿದ್ಯೆ. ಬಿದರಿ ಕೆಲಸದ ಮೂಲವೂ ಆ ಕಡೆಯದೇ ಅನ್ನುತ್ತಾರೆ. ಸರ್ಕಾರ, ದಫ್ತರ, ಗುಮಾಸ್ತ, ದಸ್ತಾವೇಜು ಎಲ್ಲ ಬಂತು. ಆದರೆ ಇಲ್ಲಿಂದ ಅಲ್ಲಿಗೆ ಹೋದದ್ದೂ ಇದೆ.

ಇನ್ನು ಗವಾನ್. ಬೀದರಿನಲ್ಲಿ ನಿಂತು ಇರಾನಿನ ಮಾತು ಎತ್ತಿ ಗವಾನನ ಹೆಸರು ಹೇಳದಿದ್ದರೆ ನೀವು ನನ್ನನ್ನು ಮನೆಗೆ ಹೋಗಗೊಡುವುದಿಲ್ಲ. ಮಹಮೂದ್ ಗವಾನ್ ಕ್ಯಾಸ್ಪಿಯನ್ ಸಮುದ್ರದ ದಂಡೆಯ ಗಿಲಾನ್ ಪ್ರಾಂತದವನು. ಅಲ್ಲಿನ ಆಸ್ಥಾನದ ಒಳಜಗಳ ಸಾಕಾಗಿ ಊರು ಬಿಟ್ಟ. ದಾಭೋಳದಲ್ಲಿ ಹಡಗಿನಿಂದ ಇಳಿದು ಬೀದರಿಗೆ ಬಂದಾಗ ಅವನು ಮಂತ್ರಿಯಲ್ಲ, ವ್ಯಾಪಾರಿ. ವಯಸ್ಸು ನಲವತ್ತು ದಾಟಿತ್ತು. ಬಂದವನು ಇಲ್ಲೇ ನಿಂತ. ಅವನಿಗೆ ಸಿಕ್ಕ ಬಿರುದು ‘ಮಲಿಕ್ ಉತ್ ತುಜ್ಜಾರ್’, ವರ್ತಕರ ದೊರೆ. ಕೊನೆಗೆ ಇಡೀ ರಾಜ್ಯದ ಪ್ರಧಾನಿಯಾದ.

ಎಲ್ಲರೂ ಅವನ ಮದರಸಾ ನೋಡುತ್ತಾರೆ. 1472ರಲ್ಲಿ ಮುಗಿದ ಕಟ್ಟಡ, ಮೂರು ಸಾವಿರ ಪುಸ್ತಕ ಇತ್ತಂತೆ. ಈಗ ಒಂದೇ ಮಿನಾರು ಉಳಿದಿದೆ. ಮಿನಾರಿನ ಹತ್ತಿರ ನಿಂತರೆ ನೀಲಿ, ಬಿಳಿ, ಹಳದಿ ಟೈಲ್ಸ್ ಅಂಕುಡೊಂಕಾದ ಪಟ್ಟೆಯಾಗಿ ಮೇಲೆ ಹತ್ತುವುದು ಕಾಣುತ್ತದೆ. ಮಳೆ ಬಂದು ನಿಂತ ಮರುದಿನ ಬೆಳಿಗ್ಗೆ ಹೋಗಿ ನೋಡಿ, ನೀಲಿ ಆಗ ಮೇಲೇಳುತ್ತದೆ. ಆದರೆ ನನಗೆ ಗವಾನ್ ಇಷ್ಟವಾಗುವುದು ಅವನ ಪತ್ರಗಳಿಗಾಗಿ. ತುರ್ಕಿಯ ಸುಲ್ತಾನ ಎರಡನೇ ಮೆಹಮದ್‌ಗೆ ಬರೆದ, ಅದೇ ಇಸ್ತಾಂಬುಲ್ ಗೆದ್ದವನಿಗೆ. ತನ್ನ ಗಿಲಾನಿನ ದೊರೆಗೆ ಬರೆದ. ಹೆರಾತಿನ ಕವಿ ಜಾಮಿಗೆ ‘ಬೀದರಿಗೆ ಬನ್ನಿ’ ಅಂತ ಬರೆದ. ಜಾಮಿಯೂ ಬರಲಿಲ್ಲ, ನಮಗೆ ಕವಿಗಳ ಯೋಗ ಇಲ್ಲ ಅಂತ ಕಾಣುತ್ತದೆ. ಈ ಪತ್ರಗಳ ಸಂಗ್ರಹ ಇವತ್ತಿಗೂ ಉಳಿದಿದೆ. ಹದಿನೈದನೇ ಶತಮಾನದಲ್ಲಿ ಬೀದರ್ ಜಗತ್ತಿನ ಜೊತೆ ಹೇಗೆ ಮಾತಾಡುತ್ತಿತ್ತು ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆ ಇಲ್ಲ.

ಬರೀ ಪತ್ರ ಬರೆಯುತ್ತ ಕೂರಲಿಲ್ಲ. ಕೊಂಕಣದ ಕೋಟೆಗಳನ್ನು ಒಂದೊಂದಾಗಿ ಹಿಡಿದ. 1472ರಲ್ಲಿ ವಿಜಯನಗರದ ಕೈಯಿಂದ ಗೋವಾ ತೆಗೆದುಕೊಂಡ. ವ್ಯಾಪಾರಿಯ ಬುದ್ಧಿ ನೋಡಿ. ಎದುರು ಮನೆಯ ನೆಂಟಸ್ತನ ಬೇಕೆಂದರೆ ಓಣಿ ನಮ್ಮ ಕೈಯಲ್ಲಿರಬೇಕು ಅಂತ ಅವನಿಗೆ ಗೊತ್ತಿತ್ತು. ಆ ಒಂದು ಕಾಲಕ್ಕೆ ಮಾತ್ರ ನಡುವಿನ ಮಂಚ ಖಾಲಿ ಇತ್ತು ಅನ್ನಬಹುದು.

ಅವನನ್ನು ಕೊಂದದ್ದೂ ಒಂದು ಪತ್ರವೇ. ಬೀದರಿನ ಆಸ್ಥಾನದಲ್ಲಿ ಹಳೆಯ ದಖನಿಗಳಿಗೂ ಇರಾನಿನಿಂದ ಬಂದ ಹೊಸಬರಿಗೂ ಆಗುತ್ತಿರಲಿಲ್ಲ. ‘ಹೊರಗಿನವರು ಬಂದು ಕೆಲಸ ಕಸಿದರು’ ಅನ್ನುವ ದೂರು ಇವತ್ತಿನದಲ್ಲ. ಗವಾನ್ ಎರಡೂ ಕಡೆಯವರಿಗೆ ಸಮನಾಗಿ ಹುದ್ದೆ ಹಂಚಿದರೂ ಹೊಟ್ಟೆಕಿಚ್ಚು ಆರಲಿಲ್ಲ. ಅವನ ಮೊಹರು ಕಾಯುವವನಿಗೆ ವಿರೋಧಿಗಳು ಲಂಚ ಕೊಟ್ಟರು. ಖಾಲಿ ಕಾಗದಕ್ಕೆ ಮೊಹರು ಒತ್ತಿಸಿಕೊಂಡರು. ಒರಿಸ್ಸಾದ ಗಜಪತಿಗೆ ‘ದಂಡೆತ್ತಿ ಬಾ’ ಅಂತ ಗವಾನನೇ ಬರೆದ ಹಾಗೆ ಅದರ ಮೇಲೆ ಬರೆದರು. ಸುಲ್ತಾನ ಮೂರನೇ ಮುಹಮ್ಮದ್ ಷಾ ಕುಡಿದ ಅಮಲಿನಲ್ಲಿ ವಿಚಾರಣೆ ಮಾಡಿದ. ಮೊಹರು ನಿನ್ನದಾ? ಹೌದು ನನ್ನದೇ, ಪತ್ರ ನನ್ನದಲ್ಲ. 1481ರ ಏಪ್ರಿಲ್ 5ರಂದು ತಲೆ ಹೋಯಿತು. ಎಪ್ಪತ್ತು ದಾಟಿದ್ದ. ಇಲ್ಲೇ ಗೋರನಳ್ಳಿಯಲ್ಲಿ ಸಮಾಧಿ ಇದೆ, ಹೋದವರು ಎಷ್ಟು ಜನ ಕೈ ಎತ್ತಿ. (ನಾಲ್ಕು ಕೈ ಎದ್ದವು.) ನಾಲ್ಕೇ? ಇರಲಿ.

ಗವಾನ್ ಹೋದ ಮೇಲೆ ರಾಜ್ಯ ಒಡೆದು ಐದು ಚೂರಾಯಿತು. ಬೀದರಿನಲ್ಲಿ ಬಹಮನಿ ಸುಲ್ತಾನ ಹೆಸರಿಗೆ ಮಾತ್ರ ಉಳಿದ, ದರ್ಬಾರು ಮಂತ್ರಿ ಅಮೀರ್ ಬರೀದನದು. ಇರಾನಿನಲ್ಲಿ ಆಗ ಷಾ ಇಸ್ಮಾಯಿಲ್ ಹೊಸದಾಗಿ ಸಫಾವಿ ರಾಜ್ಯ ಕಟ್ಟಿದ್ದ, ಶಿಯಾ ಪಂಥವನ್ನು ರಾಜ್ಯದ ಪಂಥ ಮಾಡಿದ್ದ. ಅವನ ರಾಯಭಾರಿಯೊಬ್ಬ ಬೀದರಿಗೆ ಬಂದ. ಆ ಕಾಲಕ್ಕೆ ನಮ್ಮ ಕಡೆ ರಾಯಭಾರಿಗೂ ‘ವಕೀಲ’ ಅನ್ನುವ ರೂಢಿ ಇತ್ತು. (ಮುಂದಿನ ಸಾಲಿನಲ್ಲಿ ಕೂತ ವಕೀಲರು ನಗುತ್ತಿದ್ದಾರೆ.) ಬಂದ ವಕೀಲನಿಗೆ ವಾಪಸ್ ಹೋಗಲು ಅಮೀರ್ ಬರೀದ್ ಬಿಡಲಿಲ್ಲ. ಇವತ್ತು ನಾಳೆ ಅಂತ ಸತಾಯಿಸಿದ. ಪಂಥ ಬೇರೆ ಅನ್ನುವುದೇ ಕಾರಣ ಅಂತ ಫಿರಿಶ್ತಾ ಹೇಳುತ್ತಾನೆ. ಬೇಸತ್ತ ವಕೀಲ ಬಿಜಾಪುರದ ಇಸ್ಮಾಯಿಲ್ ಆದಿಲ್ ಷಾಗೆ ಗುಟ್ಟಾಗಿ ಬರೆದ. ಆದಿಲ್ ಷಾ ಗಟ್ಟಿಯಾಗಿ ಕೇಳಿದ ಮೇಲೆ ಬೀದರಿನವರು ಬಿಟ್ಟರು. ಸುದ್ದಿ ಮುಟ್ಟಿದಾಗ ಇರಾನಿನ ಷಾ ಖುಷಿಯಾಗಿ ಬಿಜಾಪುರಕ್ಕೇ ಉಡುಗೊರೆ ಕಳಿಸಿದ, ಪತ್ರದಲ್ಲಿ ಆದಿಲ್ ಷಾನನ್ನು ರಾಜ ಅಂತಲೇ ಕರೆದ. ಆದಿಲ್ ಷಾಗೆ ಎಷ್ಟು ಹಿಗ್ಗಾಯಿತೆಂದರೆ ತನ್ನ ಸೈನ್ಯಕ್ಕೆಲ್ಲ ಇರಾನಿನ ಮಾದರಿಯ, ಹನ್ನೆರಡು ಮಡಿಕೆಯ ಕೆಂಪು ಟೋಪಿ ಹಾಕಿಸಿದ. ಬೀದರ್ ಕೈಚೆಲ್ಲಿದ ನೆಂಟಸ್ತನ ಬಿಜಾಪುರಕ್ಕೆ ಹೋಯಿತು. ಅತಿಥಿಯನ್ನು ಕೂಡಿಹಾಕಿದರೆ ಇನ್ನೇನಾಗುತ್ತದೆ?

ಆ ಹೊತ್ತಿಗೆ ಓಣಿಗೆ ಹೊಸಬ ಬಂದಿದ್ದ. ಪೋರ್ಚುಗೀಸರು 1510ರಲ್ಲಿ ಗೋವಾ ಹಿಡಿದರು, 1515ರಲ್ಲಿ ಹೊರ್ಮುಜ್. ಓಣಿಯ ಎರಡೂ ತುದಿಗೆ ಒಬ್ಬನೇ ಬಾಗಿಲು ಹಾಕಿದ ಹಾಗೆ. ಹಡಗು ಹೋಗಬೇಕಾದರೆ ಅವರ ಹತ್ತಿರ ‘ಕಾರ್ತಾಜ್’ ಅನ್ನುವ ಚೀಟಿ ತೆಗೆದುಕೊಳ್ಳಬೇಕು. ಚೀಟಿ ಇಲ್ಲದ ಹಡಗನ್ನು ಹಿಡಿಯುತ್ತಿದ್ದರು. ಸರಕು ನಿನ್ನದು, ಕೊಳ್ಳುವವನು ನಿನ್ನ ಗೆಳೆಯ, ಸಮುದ್ರ ದೇವರದು, ಆದರೆ ಅಪ್ಪಣೆ ಲಿಸ್ಬನ್ನಿನದು. ಈ ಚೀಟಿಯನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಮತ್ತೆ ಬರುತ್ತದೆ. 1622ರಲ್ಲಿ ಷಾ ಅಬ್ಬಾಸ್ ಹೊರ್ಮುಜ್ ಬಿಡಿಸಿಕೊಂಡ, ಅದೂ ಇಂಗ್ಲಿಷರ ಹಡಗುಗಳ ಸಹಾಯದಿಂದ. ಅಂದರೆ ಮಂಚಕ್ಕೆ ಮುಂದಿನ ಗಿರಾಕಿ ಆಗಲೇ ಬಂದು ನಿಂತಿದ್ದ.

ನೆಲದ ಮೇಲೆ ಮೊಘಲರಿದ್ದರು. ಗೋಲ್ಕೊಂಡದ ಕುತುಬ್ ಷಾಹಿಗಳು ಖುತ್ಬಾದಲ್ಲಿ, ಅಂದರೆ ಮಸೀದಿಯ ಶುಕ್ರವಾರದ ಪ್ರವಚನದಲ್ಲಿ, ಇರಾನಿನ ಷಾನ ಹೆಸರು ಓದಿಸುತ್ತಿದ್ದರು. ನಮ್ಮ ಹಿಂದೆ ಇಂಥವರಿದ್ದಾರೆ, ಹುಷಾರು ಅಂತ ದಿಲ್ಲಿಗೆ ಹೇಳುವ ದಾರಿ ಅದು. 1636ರಲ್ಲಿ ಷಾಜಹಾನ್ ಸೈನ್ಯ ತಂದು ನಿಲ್ಲಿಸಿ ಒಪ್ಪಂದ ಬರೆಸಿಕೊಂಡ. ಷಾನ ಹೆಸರು ತೆಗೆಯಬೇಕು, ತನ್ನ ಹೆಸರು ಹಾಕಬೇಕು. ತೆಗೆದರು. ಇರಾನಿನಿಂದ ಒಂದು ಕುದುರೆಯೂ ಸಹಾಯಕ್ಕೆ ಬರಲಿಲ್ಲ, ಬರುವಂತೆಯೂ ಇರಲಿಲ್ಲ. ದೂರದ ಗೆಳೆಯನ ಹೆಸರು ಹೇಳಿ ಹತ್ತಿರದ ಬಲಿಷ್ಠನನ್ನು ಹೆದರಿಸಲು ಆಗುವುದಿಲ್ಲ ಅಂತ ದಖನ್ ಆಗಲೇ ಕಲಿತಿತ್ತು. 1657ರಲ್ಲಿ ಔರಂಗಜೇಬ್ ಬೀದರ್ ಕೋಟೆಯನ್ನೂ ತೆಗೆದುಕೊಂಡ.

ಇಂಗ್ಲಿಷರ ಕಾಲವನ್ನು ಬೇಗ ದಾಟುತ್ತೇನೆ. ಆಗ ನಮಗೆ ಸ್ವಂತ ವಿದೇಶಾಂಗ ನೀತಿ ಅನ್ನುವುದೇ ಇರಲಿಲ್ಲ. ಇರಾನಿನ ಬುಷೇರ್ ಬಂದರಿನಲ್ಲಿ ಕೂತ ಇಂಗ್ಲಿಷ್ ಪ್ರತಿನಿಧಿಯ, ಅಂದರೆ ರೆಸಿಡೆಂಟನ, ಯಜಮಾನಿಕೆ ಇಲ್ಲಿನ ಬ್ರಿಟಿಷ್ ಸರ್ಕಾರದ್ದು. ಅಧಿಕಾರ ಅವರದು, ಹಡಗು ಮತ್ತು ಸಿಪಾಯಿಗಳು ನಮ್ಮವರು. ನಮ್ಮ ಕಲಬುರಗಿ, ಬೀದರ್, ಯಾದಗಿರಿಗಳಲ್ಲಿ ಮಾತ್ರ ಪರ್ಷಿಯನ್ ಬದುಕಿತ್ತು. ನಿಜಾಮರ ಆಡಳಿತದಲ್ಲಿ 1880ರ ದಶಕದವರೆಗೂ ಕಚೇರಿ ಭಾಷೆ ಅದೇ. ಆಮೇಲೆ ಉರ್ದು ಬಂತು. ಈಗಲೂ ನಮ್ಮ ಕಡೆ ಹಳೇ ಪಹಣಿ ತೆಗೆಸಿದರೆ ಮನೆಯ ಯಾರಿಗೂ ಓದಲು ಬರದೆ, ಓದುವ ಮುದುಕರನ್ನು ಹುಡುಕಿಕೊಂಡು ಹೋಗುವುದು ತಪ್ಪಿಲ್ಲ.

1947ರಲ್ಲಿ ಇನ್ನೊಂದು ಪೆಟ್ಟು ಬಿತ್ತು. ಅಲ್ಲಿಯವರೆಗೆ ಬಲೂಚಿಸ್ತಾನದ ಕಡೆ ಇರಾನಿಗೂ ನಮಗೂ ಗಡಿ ಇತ್ತು. ದೇಶ ಒಡೆದದ್ದೇ ಗಡಿ ಹೋಯಿತು, ನಡುವೆ ಪಾಕಿಸ್ತಾನ ಬಂತು. ಸ್ವತಂತ್ರ ಭಾರತ ಮತ್ತು ಇರಾನ್ 1950ರ ಮಾರ್ಚ್ 15ರಂದು ಸ್ನೇಹ ಒಪ್ಪಂದಕ್ಕೆ ಸಹಿ ಹಾಕಿದವು. ಕೆಲಕಾಲ ನಮ್ಮ ರಾಯಭಾರಿಯಾಗಿ ಹೋದವರು ಇತಿಹಾಸಕಾರ ತಾರಾಚಂದ್, ಒಳ್ಳೆಯ ಆಯ್ಕೆ. ಇರಾನಿನ ದೊರೆ ಷಾ 1956ರಲ್ಲಿ ಇಲ್ಲಿಗೆ ಬಂದರು, ನೆಹರೂ 1959ರಲ್ಲಿ ತೆಹರಾನಿಗೆ ಹೋದರು. ಫೋಟೊಗಳಲ್ಲಿ ಎಲ್ಲ ಚೆನ್ನಾಗಿದೆ. ಒಳಗೆ ಏನೂ ಮುಂದೆ ಸಾಗಲಿಲ್ಲ. ಇರಾನ್ 1955ರಲ್ಲೇ ಅಮೆರಿಕ–ಬ್ರಿಟನ್ ಬೆಂಬಲದ ಬಾಗ್ದಾದ್ ಕೂಟ ಸೇರಿತ್ತು, ಅದರಲ್ಲಿ ಪಾಕಿಸ್ತಾನವೂ ಇತ್ತು. ನಾವು ಅಲಿಪ್ತರು. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಸಿಟ್ಟಿಲ್ಲ, ಆದರೆ ಇಬ್ಬರೂ ಬೇರೆ ಬೇರೆ ಪಂಕ್ತಿಯಲ್ಲಿ ಊಟಕ್ಕೆ ಕೂತಿದ್ದರು.

ಈಗ ಕರ್ನಾಟಕದ ಕಥೆ. ಇದನ್ನು ದಿಲ್ಲಿಯ ಪಂಡಿತರು ಅಷ್ಟಾಗಿ ಹೇಳುವುದಿಲ್ಲ. 1973ರಲ್ಲಿ ಎಣ್ಣೆ ಬೆಲೆ ಏರಿ ಇರಾನಿನ ಷಾ ಕೈಯಲ್ಲಿ ಹಣ ಹರಿದಾಡತೊಡಗಿತು. ಅವರಿಗೆ ಉಕ್ಕಿನ ಕಾರ್ಖಾನೆಗಳನ್ನು ಕಟ್ಟುವ ಆಸೆ. ಅದಕ್ಕೆ ಅದಿರು ಬೇಕು. ನಮ್ಮ ಚಿಕ್ಕಮಗಳೂರಿನ ಕುದುರೆಮುಖದಲ್ಲಿ ಅದಿರು ಇದೆ, ತೆಗೆಯಲು ಹಣವಿಲ್ಲ. 1975ರಲ್ಲಿ ಒಪ್ಪಂದವಾಯಿತು. ಇರಾ‌ನ್ 63 ಕೋಟಿ ಡಾಲರ್ ಸಾಲ ಕೊಡುವುದು, ನಾವು 21 ವರ್ಷಗಳಲ್ಲಿ 15 ಕೋಟಿ ಟನ್ ಅದಿರಿನ ಪುಡಿ ಕೊಡುವುದು. 1976ರಲ್ಲಿ ಕಂಪನಿ ಹುಟ್ಟಿತು. ಕಾಡಿನ ನಡುವೆ ಹೊಸ ಊರು ಎದ್ದಿತು. ಅದಿರಿನ ಪುಡಿಯನ್ನು ನೀರಿನಲ್ಲಿ ಕಲಸಿ, ಕೊಳವೆಯಲ್ಲಿ ಘಟ್ಟ ಇಳಿಸಿ 67 ಕಿಲೋಮೀಟರ್ ದೂರದ ಪಣಂಬೂರು ಬಂದರಿಗೆ ಸಾಗಿಸುವ ವ್ಯವಸ್ಥೆ. ಒಮ್ಮೆ ಇರಾನಿನಿಂದ ನಮಗೆ ಕುದುರೆ ಬರುತ್ತಿತ್ತು. ಈಗ ಕುದುರೆಮುಖ ಇರಾನಿಗೆ ಹೋಗಬೇಕು. ಇಂಥ ತಮಾಷೆ ಇತಿಹಾಸಕ್ಕೆ ಮಾತ್ರ ಹೊಳೆಯುತ್ತದೆ.

1979ರ ಫೆಬ್ರುವರಿಯಲ್ಲಿ ಷಾ ಆಡಳಿತ ಬಿದ್ದಿತು. ಹೊಸ ಸರ್ಕಾರಕ್ಕೆ ಷಾನ ಉಕ್ಕಿನ ಕನಸು ಬೇಕಿರಲಿಲ್ಲ. ಸಾಲದ ಉಳಿದ ಕಂತು ನಿಂತಿತು, ಅದಿರು ಬೇಡ ಅಂದರು. ಇಲ್ಲಿ ಯಂತ್ರ ಸಿದ್ಧವಾಗಿ ನಿಂತಿತ್ತು, 1980ಕ್ಕೆ ಶುರುವಾಗಬೇಕಿತ್ತು. ಮದುವೆ ಚಪ್ಪರ ಹಾಕಿ, ಅಡುಗೆಗೆ ಒಲೆ ಹಚ್ಚಿದ ಮೇಲೆ ಗಂಡಿನ ಕಡೆಯವರು ಬರುವುದಿಲ್ಲ ಅಂದ ಹಾಗಾಯಿತು. ಕಂಪನಿ ಬೇರೆ ದೇಶಗಳ ಗಿರಾಕಿಗಳನ್ನು ಹುಡುಕಿಕೊಂಡು ಓಡಾಡಿತು, ಮಂಗಳೂರಿನಲ್ಲಿ ಅದಿರನ್ನು ಉಂಡೆ ಕಟ್ಟುವ ಘಟಕ ಹಾಕಿತು, ಹೇಗೋ ನಿಂತುಕೊಂಡಿತು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಅಲ್ಲಿನ ಗಣಿಗಾರಿಕೆಯೇ ಮುಗಿಯಿತು. ಅದು ಕಾಡಿನ ಕಥೆ, ಇರಾನಿನದಲ್ಲ. ನನ್ನ ಮಾತಿನ ಎಳೆಗೆ ಇದು ಸ್ವಲ್ಪ ಹೊರಗಿನದು ಅಂತ ನನಗೂ ಗೊತ್ತು. ಇಲ್ಲಿ ಮೂರನೆಯವನ ಕೈವಾಡ ಇರಲಿಲ್ಲ, ಎದುರು ಮನೆಯ ಯಜಮಾನನೇ ಬದಲಾದ.

ಕ್ರಾಂತಿಯ ನಂತರ ಬಹಳ ವರ್ಷ ಮಾತುಕತೆ ಕಡಿಮೆ. ಅದನ್ನು ಮತ್ತೆ ಹಚ್ಚಿದವರು ಪಿ.ವಿ. ನರಸಿಂಹರಾವ್. ನಮ್ಮ ಹಳೇ ಹೈದರಾಬಾದ್ ಸಂಸ್ಥಾನದಲ್ಲೇ ಹುಟ್ಟಿ ಬೆಳೆದವರು. 1993ರ ಸೆಪ್ಟೆಂಬರಿನಲ್ಲಿ ತೆಹರಾನಿಗೆ ಹೋದರು, ಕ್ರಾಂತಿಯ ನಂತರ ಅಲ್ಲಿಗೆ ಹೋದ ಮೊದಲ ಭಾರತದ ಪ್ರಧಾನಿ. ಆರು ತಿಂಗಳಲ್ಲೇ ಅದರ ಫಲ ಸಿಕ್ಕಿತು. 1994ರ ಮಾರ್ಚಿನಲ್ಲಿ ಜಿನೀವಾದಲ್ಲಿ, ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಆಯೋಗದಲ್ಲಿ ಕಾಶ್ಮೀರದ ಬಗ್ಗೆ ಪಾಕಿಸ್ತಾನ ನಿರ್ಣಯ ತಂದಿತ್ತು. ನಮ್ಮ ವಿದೇಶಾಂಗ ಸಚಿವ ದಿನೇಶ್ ಸಿಂಗ್ ಆಗ ಕಾಯಿಲೆ ಬಿದ್ದಿದ್ದರು. ಅಂಥ ಸ್ಥಿತಿಯಲ್ಲೂ ರಾವ್ ಅವರನ್ನು ತೆಹರಾನಿಗೆ ಕಳಿಸಿದರು. ಹಾಸಿಗೆ ಹಿಡಿದ ಮನುಷ್ಯ ಮನೆ ಬಾಗಿಲಿಗೆ ಬಂದರೆ ಇಲ್ಲ ಅನ್ನುವುದು ಹೇಗೆ? ಇರಾನ್ ಆ ನಿರ್ಣಯದ ಪರ ನಿಲ್ಲಲಿಲ್ಲ, ಪಾಕಿಸ್ತಾನ ಅದನ್ನು ವಾಪಸ್ ತೆಗೆದುಕೊಂಡಿತು. 2001ರಲ್ಲಿ ವಾಜಪೇಯಿ ತೆಹರಾನಿಗೆ ಹೋದರು. 2003ರ ಗಣರಾಜ್ಯೋತ್ಸವಕ್ಕೆ ಇರಾನಿನ ಅಧ್ಯಕ್ಷ ಖಾತಮಿ ಮುಖ್ಯ ಅತಿಥಿ. ಆ ಹತ್ತು ವರ್ಷ ಸಂಬಂಧಕ್ಕೆ ನಿಜವಾದ ಸುಗ್ಗಿ.

ಅಷ್ಟರಲ್ಲಿ ಮಂಚದ ಮೇಲೆ ಅಮೆರಿಕ ಬಂದು ಕೂತಿತ್ತು. 2005ರ ಜುಲೈನಲ್ಲಿ ಅಮೆರಿಕದ ಜೊತೆ ಪರಮಾಣು ಒಪ್ಪಂದದ ಮಾತು. ಸೆಪ್ಟೆಂಬರಿನಲ್ಲಿ ಅಂತರರಾಷ್ಟ್ರೀಯ ಪರಮಾಣು ಸಂಸ್ಥೆಯಲ್ಲಿ ಭಾರತ ಇರಾನ್ ವಿರುದ್ಧ ಮತ ಹಾಕಿತು. ಎರಡಕ್ಕೂ ಸಂಬಂಧ ಇಲ್ಲ ಅಂದರು. ನೀವೇ ಹೇಳಿ. ಆಮೇಲೆ ಇರಾನಿನ ಮೇಲೆ ಅಮೆರಿಕ ಹಾಕಿದ ನಿರ್ಬಂಧಗಳಿಂದ ಎಣ್ಣೆಗೆ ಹಣ ಕೊಡುವುದೇ ಕಷ್ಟವಾಯಿತು. ಎಣ್ಣೆ ಇದೆ, ಹಣ ಇದೆ, ಹಣ ದಾಟಿಸುವ ಬ್ಯಾಂಕ್ ಇಲ್ಲ. ಕೊನೆಗೆ 2012ರಲ್ಲಿ ಯುಕೊ ಬ್ಯಾಂಕಿನಲ್ಲಿ ರೂಪಾಯಿ ಖಾತೆ ಮಾಡಿದರು. ಬಿಲ್ಲಿನ ಒಂದು ಪಾಲು ಅಲ್ಲಿ ಜಮಾ. ಆ ರೂಪಾಯಿಯಲ್ಲಿ ಇರಾನ್ ನಮ್ಮ ಬಾಸ್ಮತಿ, ಚಹಾ ಕೊಳ್ಳಬೇಕು. ಹಳ್ಳಿಯ ದುಕಾನದಾಗ ಜೋಳ ಕೊಟ್ಟು ಬೆಲ್ಲ ಒಯ್ಯುತ್ತಿದ್ದೆವಲ್ಲ, ಹಾಗೆ.

ಚಹಾ ಅಂದೆ ನೋಡಿ. ಇಲ್ಲಿಂದ ಹೊರಗೆ ಹೋಗಿ ನೀವೆಲ್ಲ ‘ಇರಾನಿ ಚಾಯ್’ ಕುಡಿಯುತ್ತೀರಿ. ಇರಾನಿನಲ್ಲಿ ಅದನ್ನು ಕೇಳಬೇಡಿ. ಅಲ್ಲಿ ಚಹಾಕ್ಕೆ ಹಾಲು ಹಾಕುವುದಿಲ್ಲ, ಸಕ್ಕರೆ ಹರಳನ್ನು ಹಲ್ಲಿನ ನಡುವೆ ಇಟ್ಟುಕೊಂಡು ಡಿಕಾಕ್ಷನ್ ಹೀರುತ್ತಾರೆ. ನಮ್ಮದು ಹೈದರಾಬಾದ್ ದಾರಿಯಲ್ಲಿ ಬಂದ ಚಹಾ, ಹೆಸರು ಮಾತ್ರ ಅವರದು.

ಮಂಗಳೂರಿನ ಎಣ್ಣೆ ಸಂಸ್ಕರಣಾ ಘಟಕ ಎಂ.ಆರ್.ಪಿ.ಎಲ್. ಒಂದು ಕಾಲಕ್ಕೆ ದೇಶದಲ್ಲೇ ಇರಾನಿನ ಎಣ್ಣೆಯ ದೊಡ್ಡ ಗಿರಾಕಿ. ಇರಾನಿನವರು 60 ದಿನ ಉದ್ರಿ ಕೊಡುತ್ತಿದ್ದರು, ಸಾಗಾಣಿಕೆಯಲ್ಲೂ ರಿಯಾಯಿತಿ. ಅಂಥ ಅಂಗಡಿ ಯಾರು ಬಿಡುತ್ತಾರೆ? 2018ರಲ್ಲಿ ಅಮೆರಿಕ ಮತ್ತೆ ನಿರ್ಬಂಧ ಹಾಕಿತು. ಭಾರತಕ್ಕೆ ಆರು ತಿಂಗಳ ವಿನಾಯಿತಿ. 2019ರ ಮೇ ತಿಂಗಳಿಗೆ ವಿನಾಯಿತಿ ಮುಗಿಯಿತು, ಖರೀದಿ ನಿಂತಿತು. ಕಾರ್ತಾಜ್ ನೆನಪಿದೆಯಾ? ಅದೇ ಚೀಟಿ, ಬೇರೆ ಮೊಹರು. ಅಪ್ಪಣೆ ಲಿಸ್ಬನ್ ಬದಲು ವಾಷಿಂಗ್ಟನ್ನಿನದು.

ಉಳಿದಿರುವುದು ಚಾಬಹಾರ್. ಇರಾನಿನ ದಕ್ಷಿಣ ತುದಿಯ ಬಂದರು, ಹೊರ್ಮುಜ್ ಜಲಸಂಧಿಯ ಹೊರಗಡೆ. ನೆಲದ ದಾರಿಯನ್ನು ಪಾಕಿಸ್ತಾನ ಕೊಡುವುದಿಲ್ಲ. ಹಾಗಾಗಿ ಸಮುದ್ರದಲ್ಲಿ ಸುತ್ತಿ ಚಾಬಹಾರಿಗೆ, ಅಲ್ಲಿಂದ ಅಫ್ಘಾನಿಸ್ತಾನ ಮತ್ತು ಮಧ್ಯ ಏಷ್ಯಾಕ್ಕೆ. 2003ರಲ್ಲಿ ಮಾತು ಶುರುವಾಯಿತು. 2016ರ ಮೇನಲ್ಲಿ ಮೂರು ದೇಶಗಳ ಒಪ್ಪಂದ. 2017ರ ಅಕ್ಟೋಬರಿನಲ್ಲಿ ಕಾಂಡ್ಲಾದಿಂದ ಗೋಧಿ ತುಂಬಿದ ಮೊದಲ ಹಡಗು ಹೋಯಿತು. 2024ರ ಮೇ 13ರಂದು ಹತ್ತು ವರ್ಷದ ಕರಾರು. 2025ರ ಸೆಪ್ಟೆಂಬರಿನಲ್ಲಿ ಅಮೆರಿಕ ಅದಕ್ಕಿದ್ದ ವಿನಾಯಿತಿಯನ್ನೂ ತೆಗೆಯಿತು, ಅಕ್ಟೋಬರಿನಲ್ಲಿ ಮತ್ತೆ ಆರು ತಿಂಗಳು ಕೊಟ್ಟಿತು. ನನ್ನ ಅಭಿಪ್ರಾಯ ಕೇಳಿದರೆ ಚಾಬಹಾರ್ ಲಾಭದ ವ್ಯಾಪಾರ ಅಲ್ಲ. ಗವಾನ್ ಗೋವಾಕ್ಕೆ ಯಾಕೆ ಹೋದನೋ ನಾವು ಅಲ್ಲಿಗೆ ಅದಕ್ಕೇ ಹೋಗಿದ್ದೇವೆ. ಓಣಿಯಲ್ಲಿ ನಮ್ಮದೂ ಒಂದು ಕುರ್ಚಿ ಇರಲಿ ಅಂತ. ಆ ಕುರ್ಚಿಗೂ ಆರು ತಿಂಗಳ ಚೀಟಿ ಬೇಕಾಗಿ ಬಂದದ್ದು ಬೇರೆ ಮಾತು.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಎರಡನ್ನು ಇಲ್ಲಿ ಬರೆಯುತ್ತೇನೆ.

ಕಾಲೇಜಿನ ಹುಡುಗಿಯೊಬ್ಬಳು ಎದ್ದು ಕೇಳಿದಳು, “ಸರ್, ಕಡೆಗೂ ಇರಾನ್ ನಮ್ಮ ದೋಸ್ತಾ, ಅಲ್ವಾ? ಒಂದು ಮಾತಿನಲ್ಲಿ ಹೇಳಿ.” ಒಂದು ಮಾತಿನಲ್ಲಿ ಆಗುವುದಿಲ್ಲಮ್ಮ ಅಂದೆ. 2005ರಲ್ಲಿ ನಾವು ಅವರ ವಿರುದ್ಧ ಕೈ ಎತ್ತಿದ್ದೆವು. ಕಾಶ್ಮೀರದ ಬಗ್ಗೆ ಅವರೂ ಆಗಾಗ ನಮಗೆ ಹಿಡಿಸದ ಮಾತು ಆಡಿದ್ದಾರೆ. 2025ರ ಜೂನಿನಲ್ಲಿ ಇಸ್ರೇಲ್ ಜೊತೆ ಯುದ್ಧ ನಡೆದು ಅವರ ಆಕಾಶ ಮುಚ್ಚಿತ್ತು. ನಮ್ಮ ವಿದ್ಯಾರ್ಥಿಗಳನ್ನು ಕರೆತರುವ ವಿಮಾನಗಳಿಗಾಗಿ ಅದನ್ನು ತೆರೆದರು. ಹಾಗೆ ಬಂದವರಲ್ಲಿ ಕರ್ನಾಟಕದ ಮಕ್ಕಳೂ ಇದ್ದರು. ಇದಕ್ಕೆ ಏನು ಹೆಸರಿಡುತ್ತೀಯೋ ಇಡು.

ಕೊನೆಗೆ ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಎದ್ದರು. ತಲೆಗೆ ರುಮಾಲು, ಕೈಯಲ್ಲಿ ಕೋಲು. “ಸಾಹೇಬ್ರ, ಆ ಮಹಾನ್ ಊರಿಗೆ ಬೀದರಿನ ರೊಕ್ಕ ಹೋಯ್ತು ಅಂದ್ರಲ್ಲ. ಅಲ್ಲಿ ಮಂದಿಗೆ ಅದು ಗೊತ್ತದ ಏನು?”

ಶಾಸನದಲ್ಲಿ ನಮ್ಮ ಸುಲ್ತಾನನ ಹೆಸರಿದೆ ಯಜಮಾನ್ರೆ, ಓದುವವರಿಗೆ ಗೊತ್ತಾಗುತ್ತದೆ ಅಂದೆ.

“ಹಂಗಾದ್ರ ಒಮ್ಮಿ ಹೋಗಿ ನೋಡ್ಕೊಂಡು ಬರಬೇಕ್ರಿ” ಅಂದರು, ಗಂಭೀರವಾಗಿಯೇ.

ಪಕ್ಕದಲ್ಲಿ ಕೂತವನು ಬಿಡಬೇಕಲ್ಲ. “ಹೋಗ್ರಿ ಮುತ್ತ್ಯಾ. ಹೊರ್ಮುಜ್ ಮಟ ಹೋಗಿ, ಗಾಳಿ ನೋಡಿ ತಿರುಗಿ ಬರಬ್ಯಾಡ್ರಿ ಮತ್ತ.”